ಮಾವನವರ ಕ್ಯಾನು ಮತ್ತು ಕೆಂಪು ಶಾಯಿ

ನಮ್ಮ ಮಾವನವರು ಇಡೀ ಜೀವಮಾನದಲ್ಲಿ ಅಂದಾಜಿನ ಮೇಲೆ ಮಾಡಿದ ಕೆಲಸ ಒಂದೇ ಒಂದು, ನನ್ನನ್ನು ಸೊಸೆಯಾಗಿ ಆರಿಸಿದ್ದು. ಇದನ್ನು ಅವರೇ ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ಬೇಜಾರು ಮಾಡಿಕೊಳ್ಳಬೇಕೋ ನಗಬೇಕೋ ತಿಳಿಯದೆ ನಾನು ಕಾಫಿ ತರಲು ಒಳಗೆ ಹೋಗುತ್ತಿದ್ದೆ.

ಉಳಿದದ್ದೆಲ್ಲ ಅಳತೆ. ಬಣಕಲ್ಲಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಂಗಳದಲ್ಲಿ ಮಳೆ ಅಳೆಯುವ ರೈನ್‌ಗೇಜು. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮಾವನವರು ಅದರೊಳಗಿನ ನೀರನ್ನು ಗಾಜಿನ ಅಳತೆಗೆ ಸುರಿದು, ಎಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಎಷ್ಟು ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಮಳೆಯೇ ಬಾರದ ಜನವರಿಯಲ್ಲೂ ಹೋಗಿ ನೋಡಿ ಸೊನ್ನೆ ಬರೆಯುತ್ತಿದ್ದರು. ಆ ಗಾಜನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ಅವರು ಮದುವೆಗೆಂದು ಕಳಸಕ್ಕೆ ಹೋದಾಗ ನಮ್ಮ ಮನೆಯವರು ಅಳೆದು ಬರೆದಿಟ್ಟರು. ಬಂದವರೇ ಅದರ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ "ನಂಬುವಂತಿಲ್ಲ" ಎಂದು ಬರೆದರು. ಹೆತ್ತ ಮಗನ ಗತಿ ಇದು!

ಇಂಥವರಿಗೆ ಮೊಣಕಾಲು ನೋವು ಬಂತು. ದಿನಕ್ಕೆರಡು ನೋವಿನ ಮಾತ್ರೆ, ಅದೂ ಗಡಿಯಾರ ನೋಡಿಕೊಂಡು. ನಾಲ್ಕು ವರ್ಷ ಹಾಗೇ ನುಂಗಿದ ಮೇಲೆ ಪಾದ ಊದಿತು. ಚಿಕ್ಕಮಗಳೂರಿನ ಡಾಕ್ಟರು ರಕ್ತ ತೆಗೆಸಿ ನೋಡಿದರು.

"ರಕ್ತದಲ್ಲಿ ಕ್ರಿಯಾಟಿನಿನ್ ಅಂತ ಒಂದು ಕಸ ಇರುತ್ತೆ. ಒಳ್ಳೆ ಕಿಡ್ನಿ ನಿಮಿಷಕ್ಕೆ ನೂರು ಎಮ್ಮೆಲ್ಲಿನಷ್ಟು ರಕ್ತದಿಂದ ಅದನ್ನ ಸೋಸಿ ತೆಗೆಯುತ್ತೆ. ನಿಮ್ಮ ವಯಸ್ಸು, ತೂಕ ಎಲ್ಲ ಹಾಕಿ ನೋಡಿದ್ರೆ ನಲವತ್ತು ಇರಬಹುದು. ನೋವಿನ ಮಾತ್ರೆ ಬಿಡದಿದ್ರೆ ಇನ್ನೂ ಇಳಿಯುತ್ತೆ."

ನನಗೆ ನಮ್ಮ ಮನೆಯ ಹಳೇ ಕಾಫಿ ಫಿಲ್ಟರು ಕಣ್ಣಿಗೆ ಕಟ್ಟಿತು. ತೂತು ಕಟ್ಟಿಕೊಂಡರೆ ಡಿಕಾಕ್ಷನ್ ಇಳಿಯದೆ ನಿಂತೇ ಬಿಡುತ್ತದಲ್ಲ! ಮನಸ್ಸಿನಲ್ಲೇ ಶಿವನನ್ನು ನೆನೆದೆ. ಮಾವನವರು ಹಿಡಿದಿದ್ದು ಒಂದೇ ಮಾತು.

"ಇರಬಹುದು ಅಂದ್ರೆ? ಅಂದಾಜಾ?"

"ಹೌದು, ಲೆಕ್ಕದ ಅಂದಾಜು."

"ಅಂದಾಜಿಗೆಲ್ಲ ನಾನು ಮಾತ್ರೆ ಬಿಡಲ್ಲ ಡಾಕ್ಟ್ರೆ. ಅಳೆದು ಹೇಳಿ, ಬಿಡ್ತೀನಿ."

ಡಾಕ್ಟರು ನಕ್ಕು ದೊಡ್ಡದೊಂದು ಕ್ಯಾನು ಕೊಡಿಸಿದರು. ಬೆಳಿಗ್ಗೆ ಎಂಟಕ್ಕೆ ಮಾಡಿದ ಮೂತ್ರ ಚೆಲ್ಲಬೇಕು. ಆಮೇಲೆ ಮಾರನೆಯ ದಿನ ಎಂಟರವರೆಗಿನದ್ದೆಲ್ಲ ಒಂದು ಹನಿ ಬಿಡದೆ ಕ್ಯಾನಿಗೆ. ಎಂಟು ಗಂಟೆ ಎಂದದ್ದೇ ಮಾವನವರ ಮುಖ ಅರಳಿತು. ತಮ್ಮ ಜಾತಿಯ ಪರೀಕ್ಷೆ ಎನಿಸಿರಬೇಕು.

ಒಂದು ದಿನ ಬಿಟ್ಟು ಬಸ್ಸು ಹತ್ತಿದೆವು. ಕ್ಯಾನಿನ ಚೀಲ ನನ್ನ ಮಡಿಲಲ್ಲಿ. ಬಹಳ ಹಗುರವಾಗಿತ್ತು. ಪಾಪ, ನೀರೇ ಕುಡಿಯುವುದಿಲ್ಲ ಎಂದುಕೊಂಡೆ. ಲ್ಯಾಬಿನ ಹುಡುಗಿ ಮುಚ್ಚಳ ತೆಗೆದಳು. ಒಳಗೆ ಬೂದಿ ಹಾಕಿ ತಿಕ್ಕಿದ ಹಾಗೆ ಫಳಫಳ ಹೊಳೆಯುತ್ತಿತ್ತು.

"ಯಜಮಾನ್ರೆ, ಇದು ಖಾಲಿ ಇದೆ."

ಮಾವನವರು ಜೇಬಿನಿಂದ ಹಾಳೆ ತೆಗೆದರು. ಒಂಬತ್ತು ಸಲದ್ದು, ಸಮಯ ಸಮೇತ.

"ಅಳತೆ ಬರ್ದಿದೀನಲ್ಲ. ಅಳೆದ ಮೇಲೆ ಚೆಲ್ಬೇಕು, ಇಲ್ದಿದ್ರೆ ಮುಂದಿನ ಲೆಕ್ಕಕ್ಕೆ ಸೇರ್ಕೊಳ್ಳತ್ತೆ."

"ಅದರೊಳಗೆ ಎಷ್ಟು ಕ್ರಿಯಾಟಿನಿನ್ ಇದೆ ಅಂತ ನೋಡ್ಬೇಕಿತ್ತು ಯಜಮಾನ್ರೆ. ಅದನ್ನೂ ರಕ್ತದ್ದನ್ನೂ ಹೋಲಿಸಿದ್ರೇನೆ ಎಷ್ಟು ಸೋಸತ್ತೆ ಅಂತ ಗೊತ್ತಾಗೋದು."

"ಮೊದಲೇ ಹೇಳ್ಬಾರ್ದಾ ಮಾರಾಯ್ತಿ? ಎಲ್ಲಾ ಕಿತ್ತಳೆ ಗಿಡದ ಬುಡಕ್ಕೆ ಹೋಯ್ತು."

ಮತ್ತೆ ಹೊಸ ಕ್ಯಾನು. ಈ ಸಲ ಬಚ್ಚಲ ಬಾಗಿಲಲ್ಲಿ ನನ್ನದೇ ಕಾವಲು. ಆ ದಿನವೆಲ್ಲ ಸರಿಯಾಗಿಯೇ ನಡೆಯಿತು. ಆದರೆ ಸಂಜೆ ಗುಡುಗಿ, ಕಾಯುತ್ತಿದ್ದ ಹೂಮಳೆ ಸುರಿದೇಬಿಟ್ಟಿತು. ಕಾಫಿಗಿಡ ಹೂ ಬಿಡುವುದೇ ಈ ಮಳೆಯಿಂದ. ವರ್ಷದ ಎಲ್ಲ ಮಳೆಗಿಂತ ಇದರ ಅಳತೆಯೇ ಮುಖ್ಯ. ಬೆಳಿಗ್ಗೆ ನೋಡಿದರೆ ಮಾವನವರು ಕಂಗಾಲು. ಎಂಟಕ್ಕೆ ಕ್ಯಾನಿಗೆ ಕೊನೆಯದ್ದು ಸೇರಬೇಕು. ಎಂಟಕ್ಕೇ ಮಳೆಯ ಅಳತೆಯೂ ಆಗಬೇಕು. ಐದು ನಿಮಿಷ ಹಿಂದುಮುಂದು ಮಾಡಿದರೆ ಆಗುವುದಿಲ್ಲವೇ ಎಂದು ಕೇಳಬೇಡಿ, ನಾನು ಕೇಳಿ ಬೈಸಿಕೊಂಡಿದ್ದೇನೆ.

ಎಂಟಕ್ಕೆ ಎರಡು ನಿಮಿಷವಿರುವಾಗ ಅವರು ಗಾಜಿನ ಅಳತೆಯನ್ನು ನನ್ನ ಕೈಗಿಟ್ಟರು.

"ನೀರಿನ ಮಟ್ಟಕ್ಕೆ ಕಣ್ಣಿಟ್ಟು ನೋಡು. ಮೇಲಿಂದ ಬಗ್ಗಿ ನೋಡ್ಬೇಡ."

ಮಂಗಳಾರತಿ ತಟ್ಟೆಯ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳಕ್ಕಿಳಿದೆ. ಸುರಿಯುವಾಗ ಒಂದು ಚಮಚದಷ್ಟು ನೆಲಕ್ಕೆ ಚೆಲ್ಲಿತು. ಉಳಿದದ್ದು ಒಂದು ಇಂಚು ನಾಲ್ಕು ಸೆಂಟು. ಬಚ್ಚಲಿನಿಂದ ಬಂದ ಮಾವನವರಿಗೆ ಅಷ್ಟನ್ನೇ ಹೇಳಿದೆ. ಚೆಲ್ಲಿದ್ದನ್ನು ಹೇಳಲಿಲ್ಲ. ಅವರು ಬರೆದುಕೊಂಡರು. ಬಸ್ಸಿನಲ್ಲಿ ತುಂಬಿದ ಕ್ಯಾನು ನನ್ನ ಮಡಿಲಲ್ಲಿ, ಸುಳ್ಳು ನನ್ನ ಹೊಟ್ಟೆಯಲ್ಲಿ.

"ಏನ್ರೀ, ಜೇನುತುಪ್ಪನಾ?" ಕಂಡಕ್ಟರು ಕೇಳಿದ.

"ಅಲ್ಲ, ಮನೇಲೇ ಬೆಳೆದದ್ದು," ಎಂದರು ಮಾವನವರು.

ಎರಡು ದಿನಕ್ಕೆ ರಿಪೋರ್ಟು ಬಂತು. ನಲವತ್ತೊಂದು.

"ಪರವಾಗಿಲ್ಲ, ಡಾಕ್ಟ್ರ ಅಂದಾಜು ಒಂದರಷ್ಟೇ ತಪ್ಪು," ಎಂದ ಮಾವನವರು ಮಾತಿಗೆ ತಪ್ಪಲಿಲ್ಲ. ಮನೆಗೆ ಬಂದವರೇ ಉಳಿದ ಮಾತ್ರೆಗಳನ್ನೆಲ್ಲ ಎಣಿಸಿ, ಹದಿನೇಳು ಎಂದು ಹೇಳಿ, ನನ್ನ ಕೈಗೆ ಕೊಟ್ಟರು. ಬಚ್ಚಲೊಲೆಗೆ ಹಾಕಿ ಬಂದೆ. ಅಳೆದಿದ್ದಕ್ಕೆ ತಾನೇ ಬಿಟ್ಟರು? ಆ ಸಂತೋಷಕ್ಕೇ ನನ್ನ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂತು.

"ಮಾವ, ಅವತ್ತು ಹೂಮಳೆ ಸ್ವಲ್ಪ ಚೆಲ್ಲಿದ್ದೆ."

"ಗೊತ್ತು. ಬಚ್ಚಲ ಕಿಟಕಿಯಿಂದ ಕಾಣತ್ತೆ."

"ಮತ್ತೆ ಕೆಂಪು ಶಾಯಿ ಹಾಕ್ಲಿಲ್ವಾ?"

ಅವರು ನನ್ನ ಕಡೆ ನೋಡದೆ ಕನ್ನಡಕ ಒರೆಸಿಕೊಂಡರು.

"ಹಾಕೋಕೆ ಅಂತ್ಲೇ ಕೂತೆ. ನನ್ನ ಕ್ಯಾನು ಹಿಡ್ಕೊಂಡು ಎರಡು ಸಲ ಬಸ್ಸು ಹತ್ತಿದ ಕೈ ಅದು. ಪೆನ್ನು ಬರೀಲಿಲ್ಲ ಮಗಾ."

ನಾನು ದೀಪ ಹಚ್ಚಲು ಒಳಗೆ ಹೋದೆ. ಆ ಸಂಜೆ ಎರಡು ಬತ್ತಿ ಹೆಚ್ಚು ಹಾಕಿದೆ. ಒಂದು ನಲವತ್ತೊಂದಕ್ಕೆ, ಇನ್ನೊಂದು ಬರೆಯದೆ ಹೋದ ಆ ಪೆನ್ನಿಗೆ.