ನಮ್ಮತ್ತೆಯ ನಾಲ್ಕು ಕಿಲೋ ಗುಂಡು

ನಮ್ಮ ಸೋದರತ್ತೆಯ ಕೈಕುಲುಕುವ ಮುನ್ನ ಉಂಗುರ ತೆಗೆದಿಡುವುದು ಒಳ್ಳೆಯದು. ಆಮೇಲೆ ಅಕ್ಕಸಾಲಿಗನ ಹತ್ತಿರ ಓಡಿದರೂ ಅದು ಬೆರಳು ಬಿಟ್ಟು ಬರುವುದಿಲ್ಲ!

ಅತ್ತೆ ಗುಂಡು ಎಸೆತದಲ್ಲಿ ಒಂಬತ್ತು ಸಲ ರಾಜ್ಯ ಚಾಂಪಿಯನ್. ಅದೇ ಬಲದ ಮೇಲೆ ಬೀದರ್ ಬಿಟ್ಟು ಬಂದು ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ನೌಕರಿ ಹಿಡಿದವಳು. ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿಯಲೆಂದು ನಾನು ಕೊಂಡಾಪುರದ ಅವಳ ಮನೆ ಸೇರಿದಾಗ ಇಡೀ ಹೈದರಾಬಾದೇ ಕೀಬೋರ್ಡ್ ಕುಟ್ಟುತ್ತಿತ್ತು.

"ಏನ್ ಕಲಿಯಾಕತ್ತೀಯವಾ?"

"ಜಾವಾ, ಅತ್ತಿ."

"ಎಷ್ಟು ಕಿಲೋ ಐತಿ ಅದು?"

ತೂಕವಿಲ್ಲದ ವಿದ್ಯೆಯನ್ನು ಅವಳು ವಿದ್ಯೆಯೆಂದು ಒಪ್ಪುತ್ತಲೇ ಇರಲಿಲ್ಲ!

ತನ್ನ ನಾಲ್ಕು ಕಿಲೋ ಗುಂಡನ್ನು ತರಕಾರಿ ಚೀಲದಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋಗುವಳು. ಒಮ್ಮೆ ಬಸ್ಸಿನ ಕಂಡಕ್ಟರ್, ಈರುಳ್ಳಿ ಇರಬೇಕೆಂದು, ಚೀಲವನ್ನು ಕಾಲಿನಿಂದ ತಳ್ಳಿದ. ಪಾಪ, ಪಟಾನ್‌ಚೆರುವರೆಗೂ ಒಂಟಿ ಕಾಲಿನಲ್ಲೇ ಟಿಕೆಟ್ ಹರಿದ! "ಕೈಲೆ ಎತ್ತಬೇಕೋ ತಮ್ಮಾ, ಕಾಲ್ ಹಚ್ಚಿದ್ರ ಫೌಲ್ ಆಗ್ತೈತಿ" ಎಂದು ಅತ್ತೆ ಸಮಾಧಾನ ಹೇಳಿದಳಂತೆ.

ಆಗ ಅವಳಿಗೆ ನಲವತ್ತೊಂದು. ಎರಡು ವರ್ಷದಿಂದ ಪಟ್ಟ ಇಪ್ಪತ್ತರ ಹುಡುಗಿಯೊಬ್ಬಳ ಪಾಲಾಗಿತ್ತು. ಇನ್ನು ಸಾಕು, ತೀರ್ಪುಗಾರಳಾಗಿ ಬಾ ಎಂದು ಅಧಿಕಾರಿಗಳು ಹೇಳಿದ್ದರು. ಅತ್ತೆ ಬಿಡುವವಳೇ? ಮನೆಯೆದುರಿನ ಖಾಲಿ ಜಾಗದಲ್ಲಿ ದಿನಾ ಬೆಳಿಗ್ಗೆ ಧಡ್, ಧಡ್! ಪಂದ್ಯಕ್ಕೆ ಒಂದೇ ತಿಂಗಳಿದೆ ಎನ್ನುವಾಗ, ಅಲ್ಲಿ ಸಾಫ್ಟ್‌ವೇರ್ ಕಂಪನಿಯ ಕಟ್ಟಡಕ್ಕೆ ಪಾಯ ತೋಡಿಸಲು ಇಂಜಿನಿಯರ್ ಬಂದ.

"ಮೇಡಂ, ಇಧರ್ ನಹೀ ಫೇಂಕ್‌ನಾ" ಎಂದ, ಇಲ್ಲಿ ಎಸೆಯಬೇಡಿ ಎಂದು.

"ಆ ಮೂಲ್ಯಾಗ ಒಂದ್ ತಿಂಗಳ ಜಾಗ ಕೊಡ್ರಿ ಸಾಹೇಬ್ರ. ನಿಮ್ಮ ಪಾಯಾನೂ ನಾನ ತೋಡಿಕೊಡ್ತೀನಿ!"

ಅತ್ತೆಯ ಕನ್ನಡ ಅವನಿಗೆ ತಿಳಿಯಲಿಲ್ಲ. ಗುಂಡು ಬಿದ್ದ ತಗ್ಗು ನೋಡಿದ ಮೇಲೆ ತಿಳಿಯಿತು! ಕಲಬುರಗಿ ಕಡೆಯ ಕೂಲಿಯವರು ನಕ್ಕು ನಕ್ಕು ಸುಸ್ತಾಗಿ, ಮಿಕ್ಕ ಕಾಂಕ್ರೀಟಿನಲ್ಲಿ ಅವಳಿಗೆ ನಿಂತು ಎಸೆಯಲು ಒಂದು ವೃತ್ತವನ್ನೇ ಹಾಕಿಕೊಟ್ಟರು. ಪ್ರತಿ ಎಸೆತಕ್ಕೂ, "ಅಕ್ಕಾರ, ಇನ್ನೊಂದ್ ಮೊಳ!" ಎಂದು ಕೂಗು.

ಪಂದ್ಯದ ದಿನ ಐದು ಎಸೆತ ಮುಗಿದರೂ ಅತ್ತೆ ಹಿಂದೆ. ಅವಳು ಗುಂಡನ್ನು ಕೊರಳಿಗೊತ್ತಿಕೊಂಡು, ಒಮ್ಮೆ ನನ್ನತ್ತ ನೋಡಿ, ಕೊನೆಯದನ್ನು ಎಸೆದಳು. ಎರಡು ಬೆರಳಗಲದಲ್ಲಿ ಗೆದ್ದಳು! ಸೋತ ಹುಡುಗಿ ಕಾಲಿಗೆರಗಿದಾಗ ಒಂದೇ ಕೈಯಲ್ಲಿ ಎತ್ತಿ ಅಪ್ಪಿಕೊಂಡಳು. ಆ ಹುಡುಗಿಗೆ ಉಸಿರು ಮರಳಿದ್ದು ಪದಕ ಕೊಡುವ ಹೊತ್ತಿಗೆ!

ಮರುದಿನ ಬೆಳಿಗ್ಗೆ ಅತ್ತೆ ಹಣಿಗೆ ಹಿಡಿದು ನನ್ನ ಮುಂದೆ ಬಂದು ಕುಳಿತಳು. ಆ ಕೊನೆಯ ಎಸೆತದಲ್ಲಿ ಭುಜ ಉಳುಕಿ, ಬಲಗೈ ಕಿವಿಯವರೆಗೂ ಏಳುತ್ತಿರಲಿಲ್ಲ.

"ಹೆರಳ ಹಾಕವಾ" ಎಂದಳು ಮೆಲ್ಲಗೆ.

ಅರ್ಧ ನರೆತ ಕೂದಲಿನ ಸಿಕ್ಕು ಬಿಡಿಸತೊಡಗಿದೆ. "ನಮ್ಮವ್ವ ಹೋದ ಮ್ಯಾಲ ನನ್ನ ತಲಿ ಯಾರೂ ಬಾಚಿಲ್ಲ ನೋಡು" ಎಂದಳು.

ಹೆರಳು ಮುಗಿದಿತ್ತು. ಸರಿಯಾಗಿ ಬರಲಿಲ್ಲವೆಂದು ಸುಳ್ಳು ಹೇಳಿ, ಬಿಚ್ಚಿ, ಮತ್ತೆ ಮೊದಲಿನಿಂದ ಹೆಣೆದೆ.