ಒಂದು ಗಿಟಾರು, ಹಲವು ತೂತುಗಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ರೂಢಿಯಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ನಾನು. ಈವರೆಗೆ ಬರೆದದ್ದೆಂದರೆ ರಜೆ ಅರ್ಜಿ ಮಾತ್ರ. ಹಾಗಾಗಿ ನಗು ಬರಬೇಕಾದಲ್ಲಿ ಬಾರದಿದ್ದರೆ ತಪ್ಪು ನನ್ನದು, ನಡೆದದ್ದರದ್ದಲ್ಲ. ಮನೆಯಲ್ಲಿ ಡ್ರಿಲ್ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ.

ವಾಶಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದ ಮಗಳು ಎಲೆಕ್ಟ್ರಿಕ್ ಗಿಟಾರಿನ ಬಿಡಿಭಾಗಗಳನ್ನು ತರಿಸಿದಳು. ಬಿಡಿಭಾಗ ಎಂದರೆ ಮರದ ಮೈ, ಕುತ್ತಿಗೆ, ತಂತಿ, ತಿರುಗಿಸುವ ಗುಬ್ಬಿ, ಸ್ಕ್ರೂ, ಎಲ್ಲ ಬೇರೆಬೇರೆ. ಮೈಯಲ್ಲಿ ಒಂದೂ ತೂತಿರಲಿಲ್ಲ; ನಾವೇ ಕೊರೆದುಕೊಳ್ಳಬೇಕು. ಘಣಸೋಲಿಯ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ನುಡಿಸುತ್ತೇನೆಂದು ಅವಳು ಮಾತು ಕೊಟ್ಟಾಗಿತ್ತು. ಅವಳು ವೇದಿಕೆ ಹತ್ತುವುದು ಅದೇ ಮೊದಲು.

“ಪಪ್ಪಾ, ಏಕ್ ಹೋಲ್ ಗಲತ್ ಗಯಾ ತೋ ಮೈ ಸ್ಟೇಜ್ ಪೆ ಕ್ಯಾ ಬಜಾವೂಂ?” ಎಂದಳು. ಒಂದು ತೂತು ತಪ್ಪಿದರೂ ವೇದಿಕೆಯಲ್ಲಿ ಏನು ನುಡಿಸಲಿ ಎಂದು. ನಾವು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಹಿಂದಿಯಲ್ಲೋ ಮರಾಠಿಯಲ್ಲೋ.

“ಕಬ್ಬಿಣ ಕೊರೆಯುವವನಿಗೆ ಮರ ಯಾವ ಲೆಕ್ಕ?” ಎಂದೆ. ಒಳಗೆ ಹೆದರಿಕೆಯಿತ್ತು. ಏಕೆಂದರೆ ಕಬ್ಬಿಣದಲ್ಲಿ ತಪ್ಪಿದರೆ ವೆಲ್ಡಿಂಗ್ ಮಾಡಬಹುದು. ಮರಕ್ಕೆ ಅದಿಲ್ಲ.

೧. ಸೊಸೈಟಿಯ ಸಮಯ

ನಮ್ಮ ಸೊಸೈಟಿಯಲ್ಲಿ, ಎಂದರೆ ಫ್ಲ್ಯಾಟುಗಳ ಕಟ್ಟಡದಲ್ಲಿ, ಭಾನುವಾರ ಡ್ರಿಲ್ ಓಡಿಸಬಹುದಾದದ್ದು ಸಂಜೆ ನಾಲ್ಕರಿಂದ ಆರರವರೆಗೆ ಮಾತ್ರ. ಅದಕ್ಕೆ ಮೊದಲು ಎಲ್ಲರೂ ಊಟ ಮಾಡಿ ಮಲಗಿರುತ್ತಾರೆ, ಅದಕ್ಕೆ. ಸರಿಯಾಗಿ ನಾಲ್ಕಕ್ಕೆ, ಪರೀಕ್ಷೆಗೆಂದು ಗಾಳಿಯಲ್ಲೇ ಒಮ್ಮೆ ‘ಗುರ್ರ್’ ಎನಿಸಿದೆ. ಬಾಗಿಲ ಗಂಟೆ ಸದ್ದಾಯಿತು. ಕೆಳಗಿನ ಮನೆಯ ಮರಾಠಿ ಹೆಂಗಸು, ಎಲ್ಲರೂ ಕಾಕು ಎಂದು ಕರೆಯುವವರು. ಜಗಳಕ್ಕೆ ಬಂದರು ಎಂದುಕೊಂಡೆ.

“ಭಾವೂಜಿ, ಮಶೀನ್ ಕಾಢಲೀಚ್ ಆಹೇ ತರ...” ಎಂದರು. ಹೇಗೂ ಮೆಷಿನ್ ಹೊರಗೆ ತೆಗೆದಿದ್ದೀರಲ್ಲ ಎಂದರ್ಥ. ಕೈಯಲ್ಲಿ ಪರದೆಯ ಸರಳಿತ್ತು.

ಅದನ್ನು ಹಾಕಿ ಬರುವಷ್ಟರಲ್ಲಿ ಮೇಲಿನ ಮನೆಯವರು ದೇವರ ಶೆಲ್ಫ್ ಹಿಡಿದು ಮೆಟ್ಟಿಲಲ್ಲೇ ನಿಂತಿದ್ದರು. ಆಮೇಲೆ ಎದುರು ಮನೆಯ ಬಟ್ಟೆ ಒಣಗಿಸುವ ಹಗ್ಗದ ಕೊಕ್ಕೆ. ಕೊನೆಗೆ ಸೊಸೈಟಿಯ ಸೆಕ್ರೆಟರಿಯ ಸ್ನಾನದ ಮನೆಯ ಕನ್ನಡಿ. ಇಡೀ ಕಟ್ಟಡಕ್ಕೆ ತೂತು ಕೊರೆದು ಮನೆಗೆ ಓಡಿ ಬಂದು, ಗಿಟಾರಿನ ಮೇಲೆ ಡ್ರಿಲ್ ಇಟ್ಟೆ.

ಬಾಗಿಲಲ್ಲಿ ಸೆಕ್ರೆಟರಿ. “ಸಾಹೇಬ, ಸಹಾ ವಾಜಲೇ. ನಿಯಮ್ ಮ್ಹಣಜೆ ನಿಯಮ್.” ಆರು ಗಂಟೆಯಾಯಿತು, ನಿಯಮ ಎಂದರೆ ನಿಯಮ ಎಂದು. ತಲೆಯನ್ನು ಆಗಷ್ಟೇ ನೀಟಾಗಿ ಬಾಚಿಕೊಂಡು ಬಂದಿದ್ದರು, ನಾನು ಹಾಕಿಕೊಟ್ಟ ಕನ್ನಡಿಯಲ್ಲಿ ನೋಡಿಕೊಂಡು!

೨. ಬಿಂದಿ

ಮುಂದಿನ ಭಾನುವಾರ. ಕೊರೆಯುವ ಮೊದಲು ಗುರುತು ಹಾಕಬೇಕಲ್ಲ? ಗಿಟಾರಿನ ಬಣ್ಣ ಕಪ್ಪು, ಪೆನ್ಸಿಲ್ ಕಾಣುವುದಿಲ್ಲ. ಅದಕ್ಕೆ ಹೆಂಡತಿಯ ಸ್ಟಿಕ್ಕರ್ ಬಿಂದಿಗಳನ್ನು ತೂತು ಬೇಕಾದಲ್ಲೆಲ್ಲ ಅಂಟಿಸಿದೆ. ಬಿಂದಿಯ ಮೇಲೆ ಡ್ರಿಲ್ಲಿನ ಮೊನೆ ಜಾರುವುದೂ ಇಲ್ಲ. ಇದು ನನ್ನದೇ ಸಂಶೋಧನೆ. ಗೀರು ಬೀಳದಿರಲಿ ಎಂದು ಗಿಟಾರನ್ನು ಮಣೆಯ ಮೇಲೆ ಮಲಗಿಸಿ, ಡ್ರಿಲ್ ತರಲು ಒಳಗೆ ಹೋದೆ.

ಬಂದು ನೋಡಿದರೆ ನಿದ್ದೆಯಿಂದ ಎದ್ದ ಅಮ್ಮ ಅದರ ಮೇಲೊಂದು ದಾಸವಾಳ ಇಟ್ಟು ಕೈಮುಗಿದು ನಿಂತಿದ್ದಾರೆ.

“ಅಮ್ಮಾ, ಅದು ಗಿಟಾರು.”

“ಇರ್ಲಿ ಮಾರಾಯ. ವಾದ್ಯ ಅಂದ್ರೆ ಸರಸ್ವತಿ ಅಲ್ವಾ? ಕುಂಕುಮ ಇಟ್ಟದ್ದು ನೀನೇ ಅಲ್ವಾ?”

“ಅಲ್ಲಿ ತೂತು ಕೊರೀಲಿಕ್ಕೆ ಇಟ್ಟದ್ದು.”

“ಎಂತ! ಕುಂಕುಮ ಇಟ್ಟಲ್ಲಿಗೇ ತೂತಾ? ನಿನ್ನ ತಲೆ ಸಮ ಉಂಟಾ?” ಎಂದು ಅಮ್ಮ ಗಿಟಾರಿಗೆ ಅಡ್ಡ ಕೂತುಬಿಟ್ಟರು.

ಮಗಳು ಅಳುವುದೊಂದು ಬಾಕಿ. “ಅಜ್ಜಿ, ಮಾಝೇ ಕಾನ್ ಟೋಚಲೇ, ತೇವ್ಹಾ ಪಣ ಪೂಜಾ ಕೇಲೀಸ್ ನಾ?” ಎಂದಳು. ನನ್ನ ಕಿವಿ ಚುಚ್ಚಿದಾಗಲೂ ಪೂಜೆ ಮಾಡಿದ್ದೆಯಲ್ಲ ಎಂದು.

ಅಮ್ಮ ಯೋಚಿಸಿದರು. ಹೌದು, ಅದೂ ತೂತೇ. ಒಪ್ಪಿದರು. ಆದರೆ ಹೊತ್ತು ನೋಡಬೇಕು ಎಂದರು. ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು; ಆಗಲೇ ನಾಲ್ಕೂ ಇಪ್ಪತ್ತಾಗಿತ್ತು. ಸೊಸೈಟಿಗೂ ರಾಹುವಿಗೂ ನಡುವೆ ನನಗೆ ಉಳಿದದ್ದು ಹತ್ತೇ ನಿಮಿಷ. ಅಷ್ಟರಲ್ಲಿ ಬಿಂದಿ ಇದ್ದಷ್ಟೂ ತೂತುಗಳನ್ನು ಕೊರೆದೆ. ಕೊರೆಯುವಷ್ಟೂ ಹೊತ್ತು ಅಮ್ಮ ಪಕ್ಕದಲ್ಲಿ ಕೂತು ಗಿಟಾರಿನ ಮೈ ಸವರುತ್ತ, “ಆಯ್ತು, ಆಯ್ತು, ಅಳ್ಬೇಡ” ಎಂದು ಸಮಾಧಾನ ಹೇಳುತ್ತಿದ್ದರು.

೩. ರಿಜೆಕ್ಟ್

ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಗೆಳೆಯರೊಬ್ಬರಿದ್ದಾರೆ, ಧಾರವಾಡ ಕಡೆಯವರು. ಚಹಾಕ್ಕೆ ಬಂದವರು ಕಿಸೆಯಿಂದ ವರ್ನಿಯರ್ ತೆಗೆದರು. ವರ್ನಿಯರ್ ಎಂದರೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಅಳತೆಯ ಸಾಧನ. ಅವರು ಅದಿಲ್ಲದೆ ಮದುವೆ ಮನೆಗೂ ಹೋಗುವುದಿಲ್ಲ.

“ಡ್ರಾಯಿಂಗ್ ಎಲ್ಲೈತ್ರೀ?”

“ಡ್ರಾಯಿಂಗ್ ಇಲ್ಲ.”

“ಡ್ರಾಯಿಂಗ್ ಇಲ್ದ ತೂತ್ ಹಾಕೀರಿ?” ಎಂದು ಒಂದೊಂದೇ ಅಳೆದರು. “ಇದು ಅರ್ಧ ಎಮ್ಮೆಮ್ ಸರದೈತಿ. ರಿಜೆಕ್ಟ್.”

“ಅಂಕಲ್, ಚಲ್ತಾ ಹೈ ನಾ?” ಎಂದಳು ಮಗಳು, ಮುಖ ಸಣ್ಣದು ಮಾಡಿ. ಇಷ್ಟು ನಡೆಯುತ್ತದಲ್ಲ ಎಂದು.

“ಚಲ್ತಾ ಹೈ ಅನ್ನೋ ಗೆರಿ ಈ ವರ್ನಿಯರ್‌ನ್ಯಾಗ ಇಲ್ಲವ್ವಾ.”

ಅವಳು ಬಿಡಿಭಾಗಗಳನ್ನೆಲ್ಲ ಬಿಗಿದು, ಗಿಟಾರನ್ನು ಬ್ಯಾಟರಿಯ ಪುಟ್ಟ ಸ್ಪೀಕರಿಗೆ ಜೋಡಿಸಿ ನುಡಿಸಿದಳು. ಚೊಕ್ಕವಾಗಿತ್ತು. ಗೆಳೆಯರು ಕಣ್ಣು ಮುಚ್ಚಿ ಕೇಳಿ, ವರ್ನಿಯರ್ ಒಳಗಿಟ್ಟು, ಗಿಟಾರಿನ ಬೆನ್ನಿಗೆ ಮಾರ್ಕರಿನಲ್ಲಿ ‘ಪಾಸ್’ ಎಂದು ಬರೆದು ಸಹಿ ಹಾಕಿದರು. ಇದ್ದ ತೂತುಗಳನ್ನೆಲ್ಲ ಅಳೆದರು. ಇಲ್ಲದ ಒಂದನ್ನು ಮಾತ್ರ ಅವರೂ ಕಾಣಲಿಲ್ಲ!

೪. ಆಶೀರ್ವಾದ

ಆ ಇಲ್ಲದ ತೂತು ಯಾವುದೆಂದು ಹೇಳಬೇಕು. ಗಿಟಾರಿನ ಹೊಟ್ಟೆಯಿಂದ ತಂತಿಗಳ ಬುಡದವರೆಗೆ ಓರೆಯಾಗಿ ಒಂದು ಉದ್ದ ತೂತು ಕೊರೆದು, ಅದರಲ್ಲಿ ಅರ್ಥಿಂಗ್ ವೈರ್ ಎಳೆಯಬೇಕು. ತಂತಿ ಮುಟ್ಟಿದವರ ಮೈಯನ್ನು ಗಿಟಾರಿಗೆ ಜೋಡಿಸಿ ಬೇಡದ ಸದ್ದು ತಡೆಯುವುದು ಅದೇ. ಕೋನ ಸ್ವಲ್ಪ ತಪ್ಪಿದರೂ ಡ್ರಿಲ್ ಗಿಟಾರಿನ ಎದೆ ಒಡೆದು ಹೊರಬರುತ್ತದೆ. ಮನೆಯ ಪುಟ್ಟ ಸ್ಪೀಕರಿನಲ್ಲಿ ಚೆನ್ನಾಗಿಯೇ ಕೇಳುತ್ತದಲ್ಲ ಎಂದು ಬಿಟ್ಟಿದ್ದೆ.

ಘಣಸೋಲಿಯ ಹಾಲ್‌ನಲ್ಲಿ ದೊಡ್ಡ ಸ್ಪೀಕರಿಗೆ ಜೋಡಿಸಿದ್ದೇ ತಡ, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ‘ಗುಂಯ್’ ಎಂದಿತು. ಮಗಳು ವೈರ್ ಸಿಕ್ಕಿಸುವ ತೂತಿನ ಲೋಹದ ಅಂಚನ್ನು ಮುಟ್ಟಿದರೆ ನಿಲ್ಲುತ್ತದೆ, ಬಿಟ್ಟರೆ ಗುಂಯ್. ನುಡಿಸಲು ಅವಳಿಗೆ ಎರಡೂ ಕೈ ಬೇಕು. ನಾನು ಮುಟ್ಟಿದೆ, ನಿಲ್ಲಲಿಲ್ಲ. ಗಾಬರಿಯಲ್ಲಿ ಇನ್ನೊಂದು ಕೈ ಅವಳ ತಲೆಗೆ ತಾಗಿತು. ಗಪ್‌ಚಿಪ್!

ಸೌಂಡಿನವನು ಕೂಗಿದ: “ಅಂಕಲ್, ಹಿಲ್ನಾ ಮತ್! ಆಪ್ ಹೀ ವೈರ್ ಹೋ!” ಅಲುಗಾಡಬೇಡಿ, ಈಗ ನೀವೇ ಆ ವೈರ್ ಎಂದು.

“ಪಪ್ಪಾ, ಪ್ಲೀಸ್, ನಕೋ!” ಎಂದಳು ಮಗಳು, ಬೇಡವೇ ಬೇಡ ಎಂದು. ಅವಳ ಮೈಮೇಲೆ ಕಪ್ಪು ಟೀ ಶರ್ಟು, ಹಿಂದೆ ಡ್ರಮ್ಮು, ಮುಂದೆ ಸ್ನೇಹಿತೆಯರು. ಅಷ್ಟರಲ್ಲಿ ಪರದೆ ಎದ್ದಿತು.

ಅವಳೂ ಡ್ರಮ್ಮಿನವರೂ ಸೇರಿ ದೇವರನಾಮವನ್ನು ರಾಕ್ ಮಾಡಿ ನುಡಿಸಿದರು. ಅವಳು ಕುಣಿದತ್ತ ನಾನೂ ಕುಣಿದೆ, ಒಂದು ಕೈ ಗಿಟಾರಿನಲ್ಲಿ, ಇನ್ನೊಂದು ಕೈ ಅವಳ ಬೈತಲೆಯ ಮೇಲೆ. ಕೈ ತುಸು ಎತ್ತಿದರೂ ಗುಂಯ್, ಒತ್ತಿ ಹಿಡಿದೆ. ಮುಗಿದಾಗ ಮುಂದಿನ ಸಾಲಿನ ಅಮ್ಮಂದಿರು ಸೆರಗಿನಲ್ಲಿ ಕಣ್ಣೊರೆಸುತ್ತಿದ್ದರು. ಅಧ್ಯಕ್ಷರು ಮೈಕಿನಲ್ಲಿ ಗದ್ಗದಿತರಾದರು: “ಹಾಡು ಮುಗಿಯುವವರೆಗೂ ಮಗಳ ತಲೆಯಿಂದ ಆಶೀರ್ವಾದದ ಕೈ ತೆಗೆಯದ ಇಂಥ ತಂದೆಯನ್ನು ಈ ಮುಂಬಯಿಯಲ್ಲಿ ನಾನು ಕಂಡಿಲ್ಲ!” ಶಾಲು ನನಗೆ ಹೊದಿಸಿದರು. ನುಡಿಸಿದವಳಿಗೆ ಒಂದು ಗುಲಾಬಿ.

ಮರುವರ್ಷ ನೋಡಿದರೆ ಭರತನಾಟ್ಯದ ಹುಡುಗಿಯ ತಂದೆಯೂ ವೇದಿಕೆ ಹತ್ತಿ, ಅವಳು ತಿರುಗಿದತ್ತ ತಿರುಗುತ್ತ, ತಲೆಯ ಮೇಲೆ ಕೈಯಿಡಲು ಓಡಾಡುತ್ತಿದ್ದರು. ಸಂಘದ ಪದ್ಧತಿ ಎಂದು ಯಾರೋ ಹೇಳಿದರಂತೆ!

ಹಾಗಾದರೆ ಆ ತೂತನ್ನು ಆಮೇಲಾದರೂ ಕೊರೆದಿರಾ ಎಂದು ನೀವು ಕೇಳಬಹುದು. ಅದು ಅಷ್ಟು ಸುಲಭವಲ್ಲ. ಮೊದಲು ಉದ್ದದ ಬಿಟ್ ಬೇಕು. ಬಿಟ್ ಎಂದರೆ ಡ್ರಿಲ್ಲಿನ ಮುಂದಿರುವ ಕೊರೆಯುವ ಕಡ್ಡಿ. ಅದು ಉದ್ದವಾದಷ್ಟೂ ಬಾಗುತ್ತದೆ, ಬಾಗಿದರೆ ಕೋನ ತಪ್ಪುತ್ತದೆ, ಹಾಗಾಗಿ ಮೊದಲು ಒಂದು ರಟ್ಟಿನ ಮೇಲೆ ಓರೆ ಗೆರೆ ಎಳೆದು, ಆ ಗೆರೆಯನ್ನು...

“ಪಪ್ಪಾ! ಯಾ ನಾ ಲವಕರ! ಪ್ರಾಕ್ಟಿಸ್ ಹೈ, ಹಾತ್ ಠೇವಾ!”

ಬಂದೆ ಮಗಾ. ಕ್ಷಮಿಸಿ, ಕೈಯಿಡಲು ಕರೆಯುತ್ತಿದ್ದಾಳೆ.