ಹದಿನೇಳನೆಯ ಲಾಕು

ಬೇರೆಯವರ ಮನೆಯಲ್ಲಿ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ನೀರಿನ ಜಗ್ಗು ಇರುತ್ತವೆ. ನಮ್ಮ ಮನೆಯಲ್ಲಿ ಇಂಜಿನ್ ಇತ್ತು. ಆಟದ ಸಾಮಾನಿನದಲ್ಲ, ಹೊಲಿಗೆ ಯಂತ್ರದ್ದೂ ಅಲ್ಲ. ನಾಲ್ಕು ಜನ ಗಂಡಸರು ಉಸ್ಸಪ್ಪಾ ಎನ್ನುತ್ತಾ ಹೊತ್ತು ತಂದಿಟ್ಟ ಸಾಕ್ಷಾತ್ ಮೋಟಾರು ಕಾರಿನ ಇಂಜಿನ್.

ಈ ಕಾರನ್ನು ನಮ್ಮವರು ಗುಜರಿಯವನ ಕೈಯಿಂದ ಪಾರು ಮಾಡಿಕೊಂಡು ಬಂದದ್ದು. ಅದನ್ನು ನನ್ನ ಸವತಿ ಎನ್ನೋಣವೆಂದರೆ ವಯಸ್ಸಿನಲ್ಲಿ ನಮ್ಮ ಅತ್ತೆಯವರಿಗಿಂತ ಹಿರಿಯಳು. (ನಡವಳಿಕೆಯೂ ಹಾಗೆಯೇ. ಮನೆಮಂದಿಯನ್ನೆಲ್ಲ ಸೇವೆಗೆ ನಿಲ್ಲಿಸಿಕೊಂಡು ತಾನು ಮಾತ್ರ ಇದ್ದಲ್ಲಿಂದ ಕದಲುವುದಿಲ್ಲ.) ಷೆಡ್ಡಿನಲ್ಲೇ ರಿಪೇರಿ ಮಾಡಿಕೊಳ್ಳಬಾರದೇ ಎಂದು ಕೇಳಿದ್ದೆ.

"ಅಲ್ಲಿ ಬೆಳಕಿಲ್ಲ ಕಣೇ. ನನ್ನ ಬೆನ್ನೂ ಬಗ್ಗಲ್ಲ. ನನಗೆ ಕೆಳಗೆ ಬಗ್ಗೋಕಾಗಲ್ಲ ಅಂದ್ಮೇಲೆ ಇಂಜಿನ್ನೇ ಮೇಲೆ ಬರ್ಬೇಕು."

"ಎಷ್ಟು ದಿನ?"

"ನಾಳೆ ಮುಗಿದುಹೋಗುತ್ತೆ."

ಆ ನಾಳೆ ಬರುವುದರೊಳಗೆ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದರಲ್ಲಿ ಪಾರಂಗತರಾಗಿದ್ದೆವು. ಬಚ್ಚಲಲ್ಲಿ ಸೀಮೆಎಣ್ಣೆ ವಾಸನೆ, ಬಾಗಿಲ ಚಿಲಕದ ಮೇಲೆ ಗ್ರೀಸು. ನನ್ನ ಒಳ್ಳೆಯ ದಿಂಬಿನ ಚೀಲ ಇಂಜಿನ್ನಿನ ಹೊಟ್ಟೆಯೊಳಗೆ. ಇದನ್ನೆಲ್ಲ ಸಹಿಸಿಕೊಂಡೇನು. ಆದರೆ ಭಾನುವಾರ ನಮ್ಮಕ್ಕ ಊಟಕ್ಕೆ ಬರುವವಳಿದ್ದಳು.

ಅಕ್ಕನ ಮನೆಯ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಹೋದ ಸಲ ನಮ್ಮಲ್ಲಿಗೆ ಬಂದಾಗ ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ, ಬೆರಳನ್ನು ನೋಡಿ, ಒಂದು ಮಾತೂ ಆಡದೆ ಕೈ ತೊಳೆಯಲು ಎದ್ದು ಹೋಗಿದ್ದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅದಕ್ಕೇ ಈ ಸಲ ಫೋನಿನಲ್ಲಿ, "ಬಾ ಅಕ್ಕಾ, ಎಲ್ಲಾರೂ ಮೇಜಿನ ಮೇಲೆ ಆರಾಮಾಗಿ ಕೂತು ಊಟ ಮಾಡೋಣ" ಎಂದುಬಿಟ್ಟಿದ್ದೆ. ಎಲ್ಲರೂ ಮೇಜಿನ ಮೇಲೆಯೇ ಕೂರುವುದು ಹೇಗೆಂದು ಅವಳು ಕೇಳಲಿಲ್ಲ, ಸದ್ಯ.

ಹಾಗಿರುವಾಗ ನನಗೊಂದು ಉಪಾಯ ಹೊಳೆಯಿತು. ಕೆಟ್ಟ ಉಪಾಯಗಳು ಹೊಳೆಯುವಾಗ ಒಳ್ಳೆಯವಕ್ಕಿಂತ ಹೆಚ್ಚು ಹೊಳೆಯುತ್ತವೆ.

ನಮ್ಮವರು ಆಗ ವಾಲ್ವ್‌ಗಳನ್ನು ಕೂರಿಸುತ್ತಿದ್ದರು. ಒಂದೊಂದು ವಾಲ್ವಿನ ಬುಡದಲ್ಲೂ ಒಂದು ಸ್ಪ್ರಿಂಗು. ಆ ಸ್ಪ್ರಿಂಗು ಹಾರಿಹೋಗದಂತೆ ಹಿಡಿಯಲು ಉಗುರಿನಷ್ಟು ದೊಡ್ಡ ಎರಡು ತುಂಡು. ಅದಕ್ಕೆ ಲಾಕು ಎನ್ನುತ್ತಾರೆ. ಎಂಟು ವಾಲ್ವಿಗೆ ಹದಿನಾರು ಲಾಕು. "ಇದರಲ್ಲಿ ಒಂದಿಲ್ಲ ಅಂದ್ರೂ ಇಡೀ ಇಂಜಿನ್ ದಂಡ" ಎಂದು ಅವರೇ ನನಗೆ ಉಪದೇಶ ಮಾಡಿದ್ದರು. ಗುರುಮುಖೇನ ಬಂದ ವಿದ್ಯೆಯನ್ನು ನಾನು ಪ್ರಯೋಗಿಸಿದೆ, ಅಷ್ಟೇ. ಒಂದು ಲಾಕು ಮಾಯವಾದರೆ ಇವರು ಕೈಚೆಲ್ಲುತ್ತಾರೆ, ಇಂಜಿನ್ ವರ್ಕ್‌ಷಾಪಿಗೆ ಹೋಗುತ್ತದೆ, ಮೇಜಿಗೆ ಬಿಡುಗಡೆ! ಅವರು ಕೈ ತೊಳೆಯಲು ಹೋದಾಗ ಲಾಕುಗಳನ್ನಿಟ್ಟಿದ್ದ ತಟ್ಟೆಯಿಂದ ಒಂದನ್ನು ಎತ್ತಿ ನನ್ನ ಗುಂಡಿ ಡಬ್ಬಿಗೆ ಹಾಕಿದೆ.

"ಲೇ, ಇಲ್ಲೊಂದು ಲಾಕಿತ್ತು, ನೋಡಿದ್ಯಾ?"

"ನಿಮ್ಮ ಲಾಕು ಕಟ್ಕೊಂಡು ನನಗೇನಾಗ್ಬೇಕು?"

ಅವರು ಮೇಜಿನ ಕೆಳಗೆ ತೆವಳಿದರು. (ಬೆನ್ನು ಚೆನ್ನಾಗಿಯೇ ಬಗ್ಗಿತು.) ನಾನೂ ಪೊರಕೆ ಹಿಡಿದು, ಮಂಚದ ಅಡಿ, ಬೀರುವಿನ ಹಿಂದೆ, ಎಲ್ಲ ಗುಡಿಸಿ, "ಮನೆಯೆಲ್ಲ ಜಾಲಾಡಿದೆ ಕಣ್ರೀ, ಎಲ್ಲೂ ಇಲ್ಲ" ಎಂದೆ. ಅವರು ಕೈಚೆಲ್ಲುವ ಶುಭ ಮುಹೂರ್ತಕ್ಕಾಗಿ ಕಾದೆ. ಅವರು ಇಂಜಿನ್ನಿನ ಕಡೆ ನೋಡಿದರು, ಬಿಳಿಚಿಕೊಂಡರು.

"ಒಳಗೆ ಬಿದ್ದಿದೆ."

"ಏನು?"

"ಲಾಕು! ವಾಲ್ವಿನ ಕೆಳಗೆ ತೂತಿದೆ. ಅಲ್ಲಿ ಬಿದ್ರೆ ಸೀದಾ ಎಣ್ಣೆ ತೊಟ್ಟಿಗೆ. ಅದಕ್ಕೇ ಬಟ್ಟೆ ತುರುಕೋದು. ನಾನು ಬಟ್ಟೆ ತುರುಕಿದ್ದು ಮೊದಲೋ, ಆಮೇಲೋ?"

ಹೀಗೆ, ಅರ್ಧಕ್ಕರ್ಧ ಮುಗಿದಿದ್ದ ಇಂಜಿನ್ ಮತ್ತೆ ಮೊದಲಿಂದ ಬಿಚ್ಚಿಕೊಂಡಿತು. ಪಿಸ್ಟನ್ನುಗಳು ಸೋಫಾಕ್ಕೆ ಬಂದವು. ಎಣ್ಣೆ ತೊಟ್ಟಿ ನನ್ನ ಅಡುಗೆ ಕಟ್ಟೆಗೆ ಬಂತು. ಇಲ್ಲದ ಲಾಕು ಇಲ್ಲದ ಜಾಗದಲ್ಲಿ ಸಿಗುವುದಾದರೂ ಹೇಗೆ? ಬಿಸಿ ತುಪ್ಪವನ್ನು ಬಾಯಲ್ಲಿ ಇಟ್ಟುಕೊಂಡವಳ ಹಾಗೆ ನಾನು ಸುಮ್ಮನೆ ಕೂತೆ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಕೊನೆಗೆ ಅವರು ಎಲ್ಲವನ್ನೂ ಮತ್ತೆ ಜೋಡಿಸತೊಡಗಿದರು. ಭಾನುವಾರ ಹತ್ತಿರ ಬರುತ್ತಿತ್ತು. ಈಗ ಇಂಜಿನ್ ಬೇಗ ಮುಗಿಯುವುದೇ ನನಗೂ ಒಳ್ಳೆಯದು ಎಂದು ಬುದ್ಧಿ ಬಂದು, ಅವರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಗುಂಡಿ ಡಬ್ಬಿಯಿಂದ ಲಾಕನ್ನು ತೆಗೆದು, ಒರೆಸಿ, ತಟ್ಟೆಯಲ್ಲಿ ಇಟ್ಟುಬಿಟ್ಟೆ. ನನ್ನ ಮಟ್ಟಿಗೆ ಲೆಕ್ಕ ಚುಕ್ತಾ.

ಆದರೆ ಅವತ್ತು ಬೆಳಿಗ್ಗೆಯೇ ಅವರು ಲೇತ್ ಅಂಗಡಿಯವನ ಹತ್ತಿರ ಹೋಗಿ ಹೊಸ ಲಾಕು ಕಡೆಸಿ ತಂದು ಮಿಕ್ಕವುಗಳ ಜೊತೆ ತಟ್ಟೆಗೆ ಹಾಕಿಬಿಟ್ಟಿದ್ದರು. ನನಗೇನು ಗೊತ್ತು? ಆ ಲಾಕುಗಳು ಅಕ್ಕಿಕಾಳಿನ ಹಾಗೆ, ಎಲ್ಲಾ ಒಂದೇ ಥರ.

"ಲೇ! ಇಲ್ಲಿ ಬಾರೇ. ಹದಿನಾರು ಲಾಕೂ ಇಂಜಿನ್ನಲ್ಲಿವೆ. ಇದ್ಯಾವುದು ಹದಿನೇಳನೇದು?"

"ಕಳೆದುಹೋಗಿತ್ತಲ್ಲ, ಅದೇ ಇರ್ಬೇಕು ಕಣ್ರೀ."

"ಅದು ಹೇಗಿರುತ್ತೆ? ಇಂಜಿನ್ ಒಳಗೆ ನಾನು ಹುಡುಕಿದೀನಿ. ಮನೆಯೆಲ್ಲ ನೀನು ಹುಡುಕಿದೀಯ. ನೀನು ಹುಡುಕಿ ಸಿಗದೇ ಇದ್ದದ್ದು ಈ ಮನೇಲಿ ಇರೋಕೆ ಸಾಧ್ಯಾನೇ ಇಲ್ಲ."

ಮದುವೆಯಾದಾಗಿನಿಂದ ಅವರು ನನ್ನ ಮಾತನ್ನು ಇಷ್ಟು ನಂಬಿದ್ದು ಅದೇ ಮೊದಲು. ಅದೂ ಇಂಥ ಹೊತ್ತಿನಲ್ಲಿ.

"ಇದು ವಾಲ್ವ್ ಲಾಕೇ ಅಲ್ಲ" ಎಂದು ಅವರು ಕಿಟಕಿಯ ಬೆಳಕಿಗೆ ಹಿಡಿದು ತೀರ್ಪು ಕೊಟ್ಟರು. "ಅದರ ಹಾಗೇ ಕಾಣೋ ಬೇರೆ ಸಾಮಾನು. ಒಳಗೆ ಎಲ್ಲೋ ಆಳದಲ್ಲಿ ಇರ್ಬೇಕಾದ್ದು. ನಾನು ಹಾಕೋದನ್ನ ಮರೆತಿದೀನಿ."

ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ಕೇಳಿ, ನಾನು ಕದ್ದದ್ದು ಲಾಕೋ ಮತ್ತೇನೋ ಎಂದು ನನಗೇ ಅನುಮಾನ ಹತ್ತಿತು. ಕದ್ದದ್ದು ಒಂದೋ ಎರಡೋ? ಇಟ್ಟದ್ದು ಅದನ್ನೇನಾ, ಅಥವಾ ಹಳೇ ಕೋಟಿನ ಕೊಕ್ಕೆಯನ್ನೋ? ಗುಂಡಿ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದು ನೋಡಿದೆ. ತಲೆ ಇನ್ನಷ್ಟು ಕೆಟ್ಟಿತು. ಹೊರಗೆ ಸ್ಪ್ಯಾನರಿನ ಸದ್ದು ಕೇಳಿಸುತ್ತಿತ್ತು. ಇಂಜಿನ್ ಎರಡನೆಯ ಸಲ ಬಿಚ್ಚಿಕೊಳ್ಳುತ್ತಿತ್ತು. ಹುಡುಕಿದ್ದೇನೂ ಸಿಗದೆ, ಶನಿವಾರ ಕತ್ತಲಾಗುವ ಹೊತ್ತಿಗೆ ಅದನ್ನು ಮತ್ತೆ ಕಟ್ಟಿ, ಹದಿನೇಳನೆಯದನ್ನು ಎದುರಿಗಿಟ್ಟುಕೊಂಡು ಅವರು ಮಂಕಾಗಿ ಕೂತರು.

ಭಾನುವಾರ ಅಕ್ಕ ಬಂದಳು, ಭಾವನ ಸಮೇತ. ಅಭ್ಯಾಸಬಲದಿಂದ ಇಂಜಿನ್ನಿನ ಮೇಲೂ ಒಮ್ಮೆ ಬೆರಳಾಡಿಸಿದಳು. ಈ ಸಲ ಬೆರಳನ್ನು ನೋಡುವ ಅಗತ್ಯವೇ ಬೀಳಲಿಲ್ಲ.

"ಇದೇನೇ, ಮೇಜಿನ ಮೇಲೆ ಊಟ ಅಂದೆ?"

ಅವಮಾನದಿಂದ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಭಾವನ ಮುಖ ಮಾತ್ರ ಜಾತ್ರೆ ಕಂಡ ಮಗುವಿನಂತೆ ಅರಳಿತ್ತು. ಷಡ್ಡಕರಿಬ್ಬರೂ ಊಟ ಮರೆತು ಹದಿನೇಳನೆಯ ಲಾಕನ್ನು ಅಂಗೈಯಿಂದ ಅಂಗೈಗೆ ದಾಟಿಸುತ್ತಾ ವಿಚಾರ ಸಂಕಿರಣ ನಡೆಸಿದರು. ಕೊನೆಗೆ ಭಾವ ಅಂಗಿಯ ತೋಳು ಮಡಿಸಿದರು.

"ಪೂರ್ತಿ ಬಿಚ್ಚಿಬಿಡೋಣ. ಇಬ್ಬರಿದ್ರೆ ಕೆಲಸ ಸಾಗುತ್ತೆ. ಇದು ಮುಗಿಯೋವರೆಗೆ ನಾವಿಲ್ಲೇ ಇದ್ದುಬಿಡ್ತೀವಿ."

ಅಕ್ಕ ನಮ್ಮಲ್ಲೇ! ಕಿಟಕಿ ಸರಳು, ಬೀರುವಿನ ತಲೆ, ಡಬ್ಬಿಗಳ ಮುಚ್ಚಳ, ಎಲ್ಲದರ ಮೇಲೂ ಆ ಬೆರಳು!

"ಅಯ್ಯೋ, ಬಿಚ್ಚಬೇಡ್ರೀ!" ಎಂದು ಕಿರುಚಿದೆ. "ಅದು ಕಳೆದೇ ಇರ್ಲಿಲ್ಲ. ಕದ್ದಿದ್ದು ನಾನು, ವಾಪಸ್ಸು ಇಟ್ಟಿದ್ದೂ ನಾನೇ!"

ನಮ್ಮವರು ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಇನ್ನೇನು ಗುಡುಗುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಹಾಗಾದ್ರೆ ನನ್ನ ಕೈಯಿಂದ ಏನೂ ಬೀಳ್ಲಿಲ್ವಾ?"

"ಇಲ್ಲ."

"ಯಾವುದನ್ನೂ ಹಾಕೋಕೆ ಮರೀಲಿಲ್ವಾ?"

"ಇಲ್ಲಾರೀ."

"ನನಗೆ ಮರೆವು ಶುರುವಾಯ್ತು ಅಂದ್ಕೊಂಡಿದ್ದೆ ಕಣೇ. ಕೈ ನಡುಗ್ತಿರ್ಬೇಕು, ವಯಸ್ಸಾಯ್ತು, ಇನ್ನು ಈ ಕೆಲಸ ಸಾಕು ಅಂತ..." ಎಂದವರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಮೇಜಿಗಾಗಿ ಈ ಮನುಷ್ಯನಿಗೆ ಎಂಥ ಭಯ ಹುಟ್ಟಿಸಿಬಿಟ್ಟೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

"ಏನ್ರೀ ಹಾಗಂದ್ರೆ!" ಭಾವ ಅವರ ಬೆನ್ನು ತಟ್ಟಿದರು. "ಎರಡು ಸಲ ಬಿಚ್ಚಿ, ಎರಡು ಸಲ ಒಂದು ತಪ್ಪೂ ಇಲ್ದೆ ಕಟ್ಟಿದೀರಾ! ಇಂಥ ಕೈಗೋಸ್ಕರಾನೇ ನಾನು ಕಾಯ್ತಿದ್ದೆ. ನಮ್ಮ ತಂದೆಯವರ ಲಾರಿ ಇಂಜಿನ್ ಒಂದು ಹಿಂದಿನ ರೂಮಲ್ಲಿ ಬಿದ್ದಿದೆ. ಯಾರಿಗೂ ಕೊಡೋಕೆ ಧೈರ್ಯ ಬಂದಿರ್ಲಿಲ್ಲ."

ನಾನು ಅಕ್ಕನ ಕಡೆ ತಿರುಗಿದೆ. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನಾಳೇನೇ ಕಳಿಸ್ತೀನಿ ಕಣೇ" ಎಂದಳು ಅಕ್ಕ, ನನ್ನ ಕೈ ಹಿಡಿದುಕೊಂಡು. "ಆ ರೂಮಿನ ಬಾಗಿಲು ತೆಗೆದು ಎಷ್ಟು ವರ್ಷ ಆಯ್ತೋ!"

ನಮ್ಮ ಇಂಜಿನ್ ಷೆಡ್ಡಿಗೆ ಹೋಯಿತು. ಕಾರು ಕೆಮ್ಮಿ, ಉಗಿದು, ಕೊನೆಗೆ ಹೊರಟೇಬಿಟ್ಟಿತು. ಮೇಜನ್ನು ನಾನು ಸೋಪು ಹಾಕಿ ತಿಕ್ಕಿ ತೊಳೆದೆ. ಅದು ಒಣಗುವ ಮೊದಲೇ ಬಾಗಿಲಲ್ಲಿ ಉಸ್ಸಪ್ಪಾ ಎಂಬ ಸದ್ದು ಕೇಳಿಸಿತು. ಈ ಸಲ ಎಂಟು ಜನ ಹೊತ್ತಿದ್ದರು.

ನಮ್ಮವರು ತೋಳು ಮಡಿಸಿ, ಸಣ್ಣಪುಟ್ಟ ತುಂಡುಗಳ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. "ಇವೆಲ್ಲ ನಿನ್ನ ಹತ್ತಿರಾನೇ ಇರ್ಲಿ ಕಣೇ" ಎಂದರು. "ನೀನು ಇಟ್ರೆ ದೇವರಿಗೂ ಸಿಗಲ್ಲ."